ಮತದಾನದ ರಜೆ ಮಾಲೀಕರ ದಯೆಯಲ್ಲ

ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಪೇಂಟ್ಸ್ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ದೇಶಕ್ಕೆ ಒದಗಿಸುತ್ತಿದೆ. ಆದರೆ ಆ ಶಾಯಿ ಹಚ್ಚಿಸಿಕೊಳ್ಳಲು ಸಿಗಬೇಕಾದ ರಜೆಯ ಬಗ್ಗೆ ಇದೇ ಊರಿನಲ್ಲಿ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ.

‘ರಜೆ ಏನಿದ್ದರೂ ಸರ್ಕಾರಿ ನೌಕರರಿಗೆ. ದಿನಗೂಲಿಯವರಿಗೆ ಎಲ್ಲಿಯ ರಜೆ?’ ಬಹಳ ಜನ ನಂಬಿರುವುದು ಇದನ್ನೇ, ಬಡವರಿಗೆ ನಷ್ಟ ಮಾಡುತ್ತಿರುವುದೂ ಇದೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ 135ಬಿ ಎಂಬ ಕಲಂ ಸೇರಿತು. ವ್ಯಾಪಾರ, ಕಾರ್ಖಾನೆ ಅಥವಾ ಬೇರಾವುದೇ ಸಂಸ್ಥೆಯಲ್ಲಿ ದುಡಿಯುವ, ಮತದಾನದ ಹಕ್ಕಿರುವ ಪ್ರತಿಯೊಬ್ಬರಿಗೂ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಯ ಮತದಾನದ ದಿನ ರಜೆ ಕೊಡಬೇಕು, ಸಂಬಳ ಹಿಡಿಯಬಾರದು ಎನ್ನುತ್ತದೆ ಅದು. ಕೆಲಸ ಮಾಡದ ದಿನ ಕೂಲಿಯೇ ಇಲ್ಲ ಎಂಬ ಕರಾರಿನ ಮೇಲೆ ದುಡಿಯುವವರನ್ನೂ ಕಾನೂನು ಮರೆತಿಲ್ಲ: ರಜೆ ಇಲ್ಲದಿದ್ದರೆ ಅಂದು ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಅವರಿಗೂ ಕೊಡಬೇಕು. ದಿನಗೂಲಿ, ಹಂಗಾಮಿ ಕೆಲಸಗಾರರಿಗೂ ಇದು ಅನ್ವಯ ಎಂದು ಚುನಾವಣಾ ಆಯೋಗ ಪದೇ ಪದೇ ಹೇಳಿದೆ. ಅಂದರೆ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯ ಹುಡುಗಿಗೂ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೂ, ಹೆಬ್ಬಾಳದ ಕಾರ್ಖಾನೆಯ ಗುತ್ತಿಗೆ ಕೆಲಸಗಾರರಿಗೂ ಹಕ್ಕು ಒಂದೇ.

‘ಎರಡು ಗಂಟೆ ಪರ್ಮಿಷನ್ ಕೊಟ್ಟರೆ ಸಾಕು.’ ಸಾಲದು. ಕೆನಡಾದಲ್ಲಿ ಮೂರು ಗಂಟೆ ಬಿಡುವು ಸಿಗುವಂತೆ ನೋಡಿಕೊಂಡರಾಯಿತು ಎಂಬ ಕಾನೂನಿದೆ. ನಮ್ಮ ಕಾನೂನಿನಲ್ಲಿರುವ ಮಾತು ರಜೆ. ಅದನ್ನು ನೌಕರರ ಗಳಿಕೆ ರಜೆಯ ಲೆಕ್ಕಕ್ಕೆ ಬರೆದರೆ ಕೊಟ್ಟಂತೆ ಮಾಡಿ ಕಿತ್ತುಕೊಂಡ ಹಾಗೆಯೇ ಎಂದು ನಾನು ತಿಳಿಯುತ್ತೇನೆ.

‘ಬೆರಳು ತೋರಿಸಿದರೆ ಮಾತ್ರ ಸಂಬಳ.’ ಎಲ್ಲರೂ ಮತ ಹಾಕಲಿ ಎಂಬ ಆಸೆ ನನಗೂ ಇದೆ. ಆದರೆ ಮತ ಹಾಕಲು ಹಕ್ಕಿರುವವರಿಗೆ ರಜೆ ಎನ್ನುತ್ತದೆ ಕಲಂ; ಹಾಕಿದವರಿಗೆ ಮಾತ್ರ ಎನ್ನುವುದಿಲ್ಲ. ಶಾಯಿ ಇರುವುದು ಒಬ್ಬರು ಎರಡು ಸಲ ಮತ ಹಾಕದಿರಲಿ ಎಂದು. ಅದನ್ನು ಹಾಜರಿ ಪುಸ್ತಕ ಮಾಡಿಕೊಳ್ಳುವುದು ತಪ್ಪು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ನಿಜವಾದ ಷರತ್ತು ಇಷ್ಟೇ.

‘ಮೈಸೂರಿನಲ್ಲಿ ಮತದಾನ ಮುಗಿಯಿತು, ಇನ್ಯಾತಕ್ಕೆ ರಜೆ?’ 2024ರ ಲೋಕಸಭೆ ಚುನಾವಣೆಯಲ್ಲಿ ಮೈಸೂರು-ಕೊಡಗು ಕ್ಷೇತ್ರಕ್ಕೆ ಏಪ್ರಿಲ್ 26ರಂದು ಮತದಾನ ನಡೆಯಿತು. ರಾಯಚೂರು, ಕಲಬುರಗಿ, ಧಾರವಾಡಕ್ಕೆ ಮೇ 7ರಂದು. ಇಲ್ಲಿ ಕಟ್ಟಡ ಕೆಲಸಕ್ಕೆ ಬಂದ ರಾಯಚೂರಿನವರ ಹೆಸರು ತಮ್ಮೂರಿನ ಪಟ್ಟಿಯಲ್ಲೇ ಇದ್ದರೆ ಅವರಿಗೆ ರಜೆ ಸಲ್ಲಬೇಕಾದದ್ದು ಮೇ 7ರಂದು. ದುಡಿಯುವ ಊರು ಬೇರೆಯಾದರೂ ಹಕ್ಕು ಉಳಿಯುತ್ತದೆ ಎಂದು ಆಯೋಗವೇ ಸ್ಪಷ್ಟಪಡಿಸಿದೆ. ಆದರೆ ಕಾನೂನು ಕೊಡುವುದು ಮತದಾನದ ಒಂದು ದಿನ ಮಾತ್ರ. ರಾತ್ರಿಯೆಲ್ಲ ರೈಲಿನಲ್ಲಿ ಹೋಗಿ ಬರುವವರಿಗೆ ಆ ಒಂದು ದಿನ ಎಲ್ಲಿ ಸಾಕಾಗುತ್ತದೆ?

‘ಆಸ್ಪತ್ರೆ, ನೀರು, ಕರೆಂಟು ಎಂದರೆ ಯಾರಿಗೂ ರಜೆ ಇಲ್ಲ.’ ಇದು ಅರ್ಧ ಸತ್ಯ. ಯಾರು ಗೈರಾದರೆ ಆ ಕೆಲಸಕ್ಕೆ ಅಪಾಯವೋ ಭಾರಿ ನಷ್ಟವೋ ಆಗಬಹುದೋ ಅವರಿಗೆ ಈ ಕಲಂ ಅನ್ವಯಿಸದು. ತುರ್ತು ಚಿಕಿತ್ಸಾ ಘಟಕದ ನರ್ಸಿಗೆ ಆ ಮಾತು ಹೊಂದುತ್ತದೆ. ಅದೇ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದವರಿಗೆ ಹೊಂದುವುದು ಕಷ್ಟ. ಆಯೋಗ ಅಗತ್ಯ ಸೇವೆ ಎಂದು ಗುರುತಿಸಿದ ಇಲಾಖೆಗಳವರು ನಮೂನೆ 12ಡಿ ಸಲ್ಲಿಸಿ ಅಂಚೆ ಮತ ಕೇಳಬಹುದು, ಆದರೆ ಅಧಿಸೂಚನೆ ಹೊರಟ ಐದು ದಿನಗಳೊಳಗೆ.

ಪಾಲಿಕೆ ಚುನಾವಣೆ 135ಬಿ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ರಜೆಗೆ ಸರ್ಕಾರದ ಪ್ರತ್ಯೇಕ ಆದೇಶವನ್ನು ನೋಡಬೇಕು.

ರಜೆ ಕೊಡದ ಮಾಲೀಕರಿಗೆ ಜೈಲಾಗುತ್ತದೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಶಿಕ್ಷೆ ದಂಡ ಮಾತ್ರ, ಅದೂ ಹೆಚ್ಚೆಂದರೆ 500 ರೂಪಾಯಿ. ಇಷ್ಟು ಸಣ್ಣ ದಂಡ ಯಾರನ್ನೂ ಹೆದರಿಸದು, ಅದನ್ನು ಹೆಚ್ಚಿಸಲೇಬೇಕು. ಅಲ್ಲಿಯವರೆಗೆ ಅಂಗಡಿ, ಹೋಟೆಲು, ಕಾರ್ಖಾನೆ ನಡೆಸುವ ಮೈಸೂರಿನವರಲ್ಲಿ ಒಂದು ವಿನಂತಿ: ಮತದಾನಕ್ಕೆ ವಾರ ಮೊದಲೇ ‘ಅಂದು ರಜೆ, ಕೂಲಿ ಹಿಡಿಯುವುದಿಲ್ಲ’ ಎಂದು ಬರೆದು ಕೆಲಸಗಾರರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಕೆಲಸಗಾರರೇ, ಅಂಥ ಚೀಟಿ ಕಾಣದಿದ್ದರೆ ಬಾಯಿಬಿಟ್ಟು ಕೇಳಿ. ಮತದಾರರ ಸಹಾಯವಾಣಿಯ ಸಂಖ್ಯೆ 1950.