ಅಡುಗೆಮನೆಯ ಎಂಜಿನಿಯರು

1924ರ ಜೂನ್ 14. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮಾಂಟ್‌ಕ್ಲೇರ್ ಪಟ್ಟಣದ ರೈಲು ನಿಲ್ದಾಣದಿಂದ ಫ್ರ್ಯಾಂಕ್ ಗಿಲ್‌ಬ್ರೆತ್ ಮನೆಗೆ ಟೆಲಿಫೋನು ಮಾಡಿ ಪತ್ನಿಯೊಡನೆ ಮಾತನಾಡುತ್ತಿದ್ದರು. ಮಾತು ನಡುವೆಯೇ ನಿಂತುಹೋಯಿತು. ಹೃದಯಾಘಾತದಿಂದ ಅವರು ಅಲ್ಲಿಯೇ ಕುಸಿದು ತೀರಿಕೊಂಡಿದ್ದರು. ಪತ್ನಿ ಲಿಲಿಯನ್‌ಗೆ ಆಗ 46 ವರ್ಷ. ಮನೆಯಲ್ಲಿ ಹನ್ನೊಂದು ಮಕ್ಕಳು. ಹಿರಿಯಳಿಗೆ ಹದಿನೆಂಟು, ಕಿರಿಯ ಕೂಸಿಗೆ ಎರಡು ವರ್ಷ ತುಂಬುವುದರಲ್ಲಿತ್ತು.

ಫ್ರ್ಯಾಂಕ್ ಇಟ್ಟಿಗೆ ಕಟ್ಟುವ ಕೆಲಸದಿಂದ ಬದುಕನ್ನಾರಂಭಿಸಿದವರು. ಒಂದು ಇಟ್ಟಿಗೆಯನ್ನಿಡಲು ಗಾರೆಯವನು ಹದಿನೆಂಟು ಬಾರಿ ಮೈ ಕೈ ಆಡಿಸುತ್ತಾನೆಂಬುದನ್ನು ಎಣಿಸಿ, ಇಟ್ಟಿಗೆಗಳನ್ನು ಸೊಂಟದ ಮಟ್ಟಕ್ಕೇರಿಸಿಕೊಡುವ ಸಾರುವೆಯನ್ನು ರಚಿಸಿ, ಆ ಚಲನೆಗಳನ್ನು ಐದಕ್ಕಿಂತ ಕಡಮೆ ಮಾಡಿದರು. ಮುಂದೆ ಗುತ್ತಿಗೆಯನ್ನು ಬಿಟ್ಟು ಕಾರ್ಖಾನೆಗಳಿಗೆ ಸಲಹೆ ನೀಡುವ ಎಂಜಿನಿಯರಾದರು. ಸಾಹಿತ್ಯ ಓದಿದ್ದ ಲಿಲಿಯನ್ 1904ರಲ್ಲಿ ಅವರ ಕೈ ಹಿಡಿದ ಮೇಲೆ ಮನಶ್ಶಾಸ್ತ್ರಕ್ಕೆ ತಿರುಗಿ, 1915ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಗಡಿಯಾರ ಹಿಡಿದು ಕೆಲಸದ ವೇಗವನ್ನು ಅಳೆಯುವವರು ಆಗ ಬೇಕಾದಷ್ಟು ಮಂದಿಯಿದ್ದರು. ಕೆಲಸಗಾರನ ಆಯಾಸವನ್ನೂ ಮನಸ್ಸನ್ನೂ ಗಮನಿಸಬೇಕೆಂಬುದು ಈ ದಂಪತಿಗಳ ವಾದ. ಆದರೆ 1914ರಲ್ಲಿ ಆಕೆಯ ಗ್ರಂಥ ಅಚ್ಚಾದಾಗ, ಲೇಖಕರು ಹೆಂಗಸೆಂಬುದು ತಿಳಿಯದಂತೆ ಹೆಸರನ್ನು ಬರಿಯ ಮೊದಲಕ್ಷರಗಳಲ್ಲಿ ಮುದ್ರಿಸಲಾಯಿತು!

ಪತಿ ಯೂರೋಪಿನ ಸಮ್ಮೇಳನಗಳಿಗೆ ಹೊರಡಲು ಸಿದ್ಧರಾಗಿದ್ದರು. ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಲಿಲಿಯನ್ ತಾವೇ ಹಡಗನ್ನೇರಿ, ಲಂಡನ್ ಮತ್ತು ಪ್ರಾಗ್ ನಗರಗಳಲ್ಲಿ ಅವರ ಸ್ಥಾನದಲ್ಲಿ ನಿಂತರು. ಹಿಂದಿರುಗಿ ಬಂದಾಗ ಬೇರೊಂದು ಆಘಾತ ಕಾದಿತ್ತು. ಅಷ್ಟು ವರ್ಷ ದಂಪತಿಗಳ ಸಲಹೆ ಪಡೆದಿದ್ದ ಹಲವು ಕಾರ್ಖಾನೆಗಳು ಕರಾರನ್ನು ಮುಂದುವರಿಸಲಿಲ್ಲ. ಗಂಡನ ಜೊತೆಗಿದ್ದಾಗ ಒಪ್ಪಿಗೆಯಾಗಿದ್ದ ವಿದ್ಯೆ ಒಬ್ಬಂಟಿ ಹೆಂಗಸಿನ ಬಾಯಲ್ಲಿ ಬಂದಾಗ ಒಪ್ಪಿಗೆಯಾಗಲಿಲ್ಲ. ಲಿಲಿಯನ್ ಮನೆಯಲ್ಲೇ ತರಗತಿ ತೆರೆದು, ಕಂಪನಿಗಳು ಕಳುಹಿಸಿದವರಿಗೆ ಚಲನೆಯ ಶಾಸ್ತ್ರವನ್ನು ಕಲಿಸತೊಡಗಿದರು. ನ್ಯೂಯಾರ್ಕಿನ ಮೇಸೀಸ್ ಎಂಬ ಮಹಾ ಮಳಿಗೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸವನ್ನು ಸುಧಾರಿಸುವ ಹೊಣೆ ಹೊತ್ತರು.

ಕಾರ್ಖಾನೆಯ ಬಾಗಿಲು ಮುಚ್ಚಿದವರಿಗೂ ಅಡುಗೆಮನೆ ಹೆಂಗಸಿಗೆ ಸೇರಿದ್ದೆಂಬುದರಲ್ಲಿ ಸಂದೇಹವಿರಲಿಲ್ಲ. ಲಿಲಿಯನ್ ಆ ಬಾಗಿಲಿನಿಂದಲೇ ಒಳಹೊಕ್ಕರು. ಬ್ರೂಕ್ಲಿನ್ನಿನ ಗ್ಯಾಸ್ ಕಂಪನಿಯೊಂದಕ್ಕಾಗಿ ಅವರು ರೂಪಿಸಿದ ಅಡುಗೆಮನೆಯಲ್ಲಿ ಒಲೆ, ಕೆಲಸದ ಮೇಜು, ಪಾತ್ರೆ, ಸಾಮಾನು ಎಲ್ಲವೂ ಕೈಗೆಟಕುವಂತಿದ್ದವು. ಬೇಕಾದೆಡೆಗೆ ತಳ್ಳಿಕೊಂಡು ಹೋಗಬಹುದಾದ ಚಕ್ರದ ಮೇಜೊಂದಿತ್ತು. ಪರೀಕ್ಷೆಗೆಂದು ಸ್ಟ್ರಾಬೆರಿ ಹಣ್ಣಿನ ಕೇಕೊಂದನ್ನು ಹಳೆಯ ಕ್ರಮದ ಅಡುಗೆಮನೆಯಲ್ಲಿ ಮಾಡಿದಾಗ 281 ಹೆಜ್ಜೆ ನಡೆಯಬೇಕಾಯಿತು. ಹೊಸದರಲ್ಲಿ 45 ಸಾಕಾದುವು. ಒಲೆಯೂ ಪಾತ್ರೆ ತೊಳೆಯುವ ತೊಟ್ಟಿಯೂ ಎಷ್ಟು ಎತ್ತರವಿರಬೇಕು? ಇದನ್ನು ತಿಳಿಯಲು ಅವರು ನಾಲ್ಕು ಸಾವಿರಕ್ಕೂ ಮಿಕ್ಕ ಸ್ತ್ರೀಯರನ್ನು ವಿಚಾರಿಸಿದರು. ಕಟ್ಟೆಯ ಮುಂದೆ ಬಗ್ಗಿ ನಿಂತು ಬೆನ್ನು ನೋಯಿಸಿಕೊಂಡಿರುವ ನಮ್ಮ ಗೃಹಿಣಿಯರಿಗೆ ಈ ಪ್ರಶ್ನೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ರೆಫ್ರಿಜಿರೇಟರಿನ ಬಾಗಿಲ ಒಳಮೈಯಲ್ಲಿ ಮೊಟ್ಟೆ ಬೆಣ್ಣೆಗಳನ್ನಿಡುವ ತಟ್ಟು, ಇವೂ ಅವರ ಕಲ್ಪನೆಯೆಂದೇ ಪ್ರಸಿದ್ಧವಾಗಿವೆ.

ಇಷ್ಟಾದರೂ ಲಿಲಿಯನ್‌ಗೆ ಅಡುಗೆ ಬರುತ್ತಿದ್ದುದು ಅಷ್ಟಕ್ಕಷ್ಟೆ! ಅವರ ಮನೆಯಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಬೇರೆಯವರು. ಪತ್ರಿಕೆಗಳು ಅವರನ್ನು ಆದರ್ಶ ಗೃಹಿಣಿಯೆಂದು ಕೊಂಡಾಡಿದರೆ ಕೊಂಡಾಡಲಿ, ಅವರು ಅಡುಗೆಮನೆಯನ್ನು ನೋಡಿದ್ದು ಎಂಜಿನಿಯರಿನ ಕಣ್ಣಿನಿಂದ.

1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಅಲ್ಲಿನ ಎಂಜಿನಿಯರಿಂಗ್ ವಿಭಾಗದಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರೇ. ಅಂಗವಿಕಲ ಗೃಹಿಣಿಯರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಂತೆ ಅಡುಗೆಮನೆಗಳನ್ನು ಮಾರ್ಪಡಿಸುವ ಪ್ರಯತ್ನಕ್ಕೂ ಕೈ ಹಾಕಿದರು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಪ್ರಥಮ ಸ್ತ್ರೀಯೆಂಬ ಗೌರವವೂ ದೊರೆಯಿತು. ಅಷ್ಟರಲ್ಲಿ ಅವರ ಹನ್ನೊಂದು ಮಕ್ಕಳೂ ಕಾಲೇಜು ಮುಗಿಸಿ ಎಷ್ಟೋ ವರ್ಷಗಳಾಗಿದ್ದುವು. ಎಂಬತ್ತು ದಾಟಿದ ಮೇಲೂ ಉಪನ್ಯಾಸಗಳಿಗಾಗಿ ಊರೂರು ಸುತ್ತುತ್ತಿದ್ದ ಆಕೆ 1972ರ ಜನವರಿ 2ರಂದು, 93ನೆಯ ವಯಸ್ಸಿನಲ್ಲಿ ಕಾಲವಾದರು.