ದುಡ್ಡು ಕೊಟ್ಟ ಆಟ ಯಾರದು?

ಊಟಿ ಬಳಿಯ ನಂಜನಾಡಿನಂಥ ಊರಿನಲ್ಲಿ ಕೂತು ಕಂಪ್ಯೂಟರ್ ಗೇಮ್ ಆಡುವವರಿಗೆ ಈ ಅಧ್ಯಾಯದ ವಿಷಯ ಮೊದಲು ತಟ್ಟುವುದು ಮಳೆಗಾಲದಲ್ಲಿ. ಜೂನ್, ಜುಲೈ ತಿಂಗಳ ಗಾಳಿಮಳೆಗೆ ನೀಲಗಿರಿಯಲ್ಲಿ ಮರ ಉರುಳುತ್ತವೆ, ತಂತಿ ಹರಿಯುತ್ತದೆ, ಇಂಟರ್ನೆಟ್ ಗಂಟೆಗಟ್ಟಲೆ ಇರುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದೆ. ಹಿಂದಿನ ವಾರ ರಾತ್ರಿಯೆಲ್ಲ ಕಾದು ಇಳಿಸಿಕೊಂಡ 60 ಜಿಬಿ ಗಾತ್ರದ ಆಟ ಹಾರ್ಡ್ ಡಿಸ್ಕಿನಲ್ಲೇ ಇದೆ. ಅದು ಒಬ್ಬರೇ ಕೂತು ಆಡುವ ಆಟ ಕೂಡ. ಆದರೂ ತೆರೆಯುವುದಿಲ್ಲ. ಕಂಪನಿಯ ಸರ್ವರನ್ನು ಕೇಳಿ, ಈತ ದುಡ್ಡು ಕೊಟ್ಟವನೇ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ತೆರೆದುಕೊಳ್ಳುವ ಬೀಗವನ್ನು ಆಟದೊಳಗೇ ಇಟ್ಟಿರುತ್ತಾರೆ. ಕದ್ದ ಪ್ರತಿಯಲ್ಲಿ ಆ ಬೀಗ ಮುರಿದಿರುತ್ತದೆ, ಹಾಗಾಗಿ ಅದು ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಹಣ ಕೊಟ್ಟವನಿಗೇ ತೊಂದರೆ. ಆಟಗಾರರ ಸಿಟ್ಟು ಶುರುವಾಗುವುದು ಇಲ್ಲಿಂದ. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಈ ಬೀಗಕ್ಕೆ ಡಿಆರ್‌ಎಂ ಎನ್ನುತ್ತಾರೆ. ಎಲ್ಲ ಆಟಗಳಲ್ಲೂ ಅದು ಒಂದೇ ಥರ ಇರುವುದಿಲ್ಲ. ಕೆಲವು ಆಟಗಳು ಮೊದಲ ಸಲ ಹಾಕಿಕೊಳ್ಳುವಾಗ ಮಾತ್ರ ಇಂಟರ್ನೆಟ್ ಕೇಳುತ್ತವೆ, ಕೆಲವು ಆಗಾಗ ಹಾಜರಿ ಕೇಳುತ್ತವೆ. ಎದುರಾಳಿ ಯಾರೂ ಇಲ್ಲದಿದ್ದರೂ ಸರ್ವರಿಗೆ ಜೋತುಬಿದ್ದೇ ನಡೆಯುವಂಥವೂ ಇವೆ. ಯಾವುದು ಯಾವ ಬಗೆಯದು ಎಂಬುದನ್ನು ಕೊಳ್ಳುವವರು ಸಣ್ಣ ಅಕ್ಷರಗಳಲ್ಲಿ ಹುಡುಕಿಕೊಳ್ಳಬೇಕು.

ಪಿಸಿ ಆಟಗಾರರು ಈ ವ್ಯವಸ್ಥೆಯೊಳಗೆ ಬಂದು ಇಪ್ಪತ್ತು ವರ್ಷ ದಾಟಿತು. ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರಿನಲ್ಲಿ ಸ್ಟೀಮ್ ಶುರು ಮಾಡಿತು. ಮರುವರ್ಷ ಬಂದ ‘ಹಾಫ್-ಲೈಫ್ 2’ ಆಟದ ಡಿಸ್ಕನ್ನು ಅಂಗಡಿಯಿಂದಲೇ ಕೊಂಡು ತಂದರೂ ಸ್ಟೀಮ್ ಅಕೌಂಟಿಗೆ ಸೇರಿಸದೆ ಆಡುವಂತಿರಲಿಲ್ಲ. ಒಮ್ಮೆ ಸೇರಿಸಿದ ಮೇಲೆ ಆ ಡಿಸ್ಕನ್ನು ಗೆಳೆಯನಿಗೆ ಕೊಟ್ಟರೂ ಅವನಿಗೆ ಉಪಯೋಗವಿಲ್ಲ. ಪಿಸಿ ಆಟಗಳ ಸೆಕೆಂಡ್‌ಹ್ಯಾಂಡ್ ವ್ಯಾಪಾರ ಹೀಗೆ ಸದ್ದಿಲ್ಲದೆ ಮುಗಿಯಿತು. ಆದರೂ ಸ್ಟೀಮನ್ನು ದ್ವೇಷಿಸುವ ಆಟಗಾರರು ಕಡಿಮೆ. ಭಾರಿ ರಿಯಾಯಿತಿ, 2015ರಿಂದ ರೂಪಾಯಿಯಲ್ಲೇ ಬೆಲೆ, ಕೊಂಡ 14 ದಿನದೊಳಗೆ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್, ಕಂಪ್ಯೂಟರ್ ಬದಲಾದರೂ ಅಕೌಂಟಿನಲ್ಲಿ ಉಳಿಯುವ ಆಟಗಳು: ಇವೆಲ್ಲ ನಿಜವಾದ ಅನುಕೂಲಗಳೇ. ದೊಡ್ಡ ಅಂಗಡಿಗಳಿಂದ ದೂರವಿರುವ ಬೆಟ್ಟದೂರಿನವರಿಗಂತೂ ಜಗತ್ತಿನ ಎಲ್ಲ ಆಟಗಳೂ ಮನೆಗೇ ಬಂದಂತಾಯಿತು. ಅನುಕೂಲದ ಜೊತೆಗೇ ಒಂದು ಷರತ್ತೂ ಬಂತು. ಸ್ಟೀಮಿನ ಒಪ್ಪಂದದಲ್ಲಿ ಸ್ಪಷ್ಟವಾಗಿಯೇ ಬರೆದಿದೆ: ಆಟವನ್ನು ಮಾರುತ್ತಿಲ್ಲ, ಬಳಸಲು ಲೈಸೆನ್ಸ್ ಕೊಡುತ್ತಿದ್ದೇವೆ. ಅಕೌಂಟನ್ನು ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ, ಉಯಿಲು ಬರೆದು ಮಕ್ಕಳಿಗೆ ಬಿಡುವಂತೆಯೂ ಇಲ್ಲ. ಇಪ್ಪತ್ತು ವರ್ಷ ಕೂಡಿಸಿದ ನೂರಾರು ಆಟಗಳು ಒಬ್ಬ ಮನುಷ್ಯನ ಜೊತೆಗೇ ಮುಗಿಯುತ್ತವೆ.

ಕನ್ಸೋಲಿನವರು ಇಷ್ಟು ಸುಲಭವಾಗಿ ಒಪ್ಪಲಿಲ್ಲ. 2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ತೋರಿಸಿದಾಗ ಅದು 24 ಗಂಟೆಗೊಮ್ಮೆ ಇಂಟರ್ನೆಟ್ಟಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಹಳೆಯ ಡಿಸ್ಕುಗಳನ್ನು ಮಾರುವುದಕ್ಕೂ ಗೆಳೆಯರಿಗೆ ಕೊಡುವುದಕ್ಕೂ ಕಟ್ಟುಪಾಡು ಇತ್ತು. ಜೂನ್ ತಿಂಗಳಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 4ರಲ್ಲಿ ಇಂಥ ಯಾವ ತಡೆಯೂ ಇಲ್ಲವೆಂದು ವೇದಿಕೆಯಲ್ಲೇ ಘೋಷಿಸಿತು. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುವುದನ್ನು ಕೆಲವೇ ಸೆಕೆಂಡುಗಳ ವಿಡಿಯೊದಲ್ಲಿ ತೋರಿಸಿ, ಆಟ ಹಂಚಿಕೊಳ್ಳುವ ಕ್ರಮ ಇಷ್ಟೇ ಎಂದಿತು. ಆಟಗಾರರ ವಿರೋಧ ಜೋರಾಗಿ, ಜೂನ್ 19ರಂದು ಮೈಕ್ರೋಸಾಫ್ಟ್ ತನ್ನ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಕೊಳ್ಳುವವರು ಒಟ್ಟಾಗಿ ಬೇಡ ಅಂದರೆ ಇಷ್ಟು ದೊಡ್ಡ ಕಂಪನಿಯೂ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಡಿಸ್ಕಿನ ಬೆಲೆ ಏನೆಂದು ತಿಳಿಯಲು ಮನೆಯ ಲೆಕ್ಕ ಸಾಕು. ಪ್ಲೇಸ್ಟೇಷನ್ 5 ಬಂದಾಗ ಅದರ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ಕಾಲೇಜು ಹುಡುಗನೊಬ್ಬ ಅದನ್ನು ಕೊಂಡು, ಆಡಿ ಮುಗಿಸಿ, ಸೆಕೆಂಡ್‌ಹ್ಯಾಂಡ್‌ನಲ್ಲಿ ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನ ಆಟ ಕೊಳ್ಳುತ್ತಾನೆ. ಮೂವರು ಗೆಳೆಯರು ಮೂರು ಡಿಸ್ಕ್ ತಂದು ಅದಲುಬದಲು ಮಾಡಿಕೊಳ್ಳುತ್ತಾರೆ. ಅದೇ ಆಟವನ್ನು ಡೌನ್‌ಲೋಡ್ ರೂಪದಲ್ಲಿ ಕೊಂಡರೆ ಒಂದು ಪೈಸೆಯೂ ಮರಳುವುದಿಲ್ಲ. ಈಗ ಡಿಸ್ಕ್ ಹಾಕುವ ಜಾಗವೇ ಇಲ್ಲದ ಕನ್ಸೋಲುಗಳು ಬರುತ್ತಿವೆ: ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿ. ನಿಂಟೆಂಡೊ 2025ರಲ್ಲಿ ತಂದ ಸ್ವಿಚ್ 2 ಯಂತ್ರದ ಕೆಲವು ಕಾರ್ಡುಗಳಲ್ಲಿ ಆಟವೇ ಇಲ್ಲ, ಇಳಿಸಿಕೊಳ್ಳಲು ಅನುಮತಿ ಕೊಡುವ ಕೀಲಿ ಮಾತ್ರ ಇದೆ. ಆ ಕಾರ್ಡನ್ನು ಮಾರಬಹುದು, ಹಂಚಬಹುದು, ಅಷ್ಟರಮಟ್ಟಿಗೆ ಪರವಾಗಿಲ್ಲ. ಆದರೆ ಇಳಿಸಿಕೊಳ್ಳುವ ಸರ್ವರ್ ನಿಂತ ದಿನ ಅದು ಬರೀ ಪ್ಲಾಸ್ಟಿಕ್ ತುಂಡು. ಸರ್ವರುಗಳು ನಿಲ್ಲುತ್ತವೆಯೇ? ನಿಲ್ಲುತ್ತವೆ. ನಿಂಟೆಂಡೊದ ವೀ ಯು ಮತ್ತು 3ಡಿಎಸ್ ಯಂತ್ರಗಳ ಡಿಜಿಟಲ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಎಕ್ಸ್‌ಬಾಕ್ಸ್ 360ರದು 2024ರ ಜುಲೈಯಲ್ಲಿ. ಮೊದಲೇ ಕೊಂಡ ಆಟಗಳನ್ನು ಇಳಿಸಿಕೊಳ್ಳಲು ಸದ್ಯಕ್ಕೆ ಬಿಟ್ಟಿದ್ದಾರೆ. ಆ ‘ಸದ್ಯ’ ಎಲ್ಲಿಯವರೆಗೆ ಎಂಬುದು ಕಂಪನಿಯ ಇಷ್ಟ.

ಅಂಗಡಿ ಮುಚ್ಚಿದರೆ ಹೊಸದಾಗಿ ಕೊಳ್ಳುವವರಿಗಷ್ಟೇ ನಷ್ಟ. ಇದಕ್ಕಿಂತ ಕೆಟ್ಟದ್ದು ಆದದ್ದು ‘ದಿ ಕ್ರೂ’ ಎಂಬ ಕಾರು ಓಟದ ಆಟಕ್ಕೆ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ತಂದ ಈ ಆಟದಲ್ಲಿ ಒಬ್ಬರೇ ಆಡುವ ದೊಡ್ಡ ಕಥೆಯಿತ್ತು, ಆದರೂ ಸರ್ವರಿಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಪಿಸಿಯಲ್ಲಿರಲಿ ಕನ್ಸೋಲಿನಲ್ಲಿರಲಿ, ಡೌನ್‌ಲೋಡ್ ಇರಲಿ ಡಿಸ್ಕ್ ಇರಲಿ, ಆಟ ಸತ್ತಿತು. ಕೆಲವರ ಅಕೌಂಟಿನಿಂದ ಅದರ ಲೈಸೆನ್ಸನ್ನೂ ತೆಗೆದುಹಾಕಿದರು. ಬೆಟ್ಟದ ಮೇಲಿನ ಊಟಿ ಕ್ಲಬ್ಬಿನಲ್ಲಿ 1882ರಲ್ಲಿ ನಿಯಮ ಬರೆದು ಹಾಕಿದ ಸ್ನೂಕರನ್ನು ಇವತ್ತಿಗೂ ಯಾರು ಬೇಕಾದರೂ ಆಡಬಹುದು. ಹತ್ತು ವರ್ಷವೂ ತುಂಬದ ‘ದಿ ಕ್ರೂ’ವನ್ನು ದುಡ್ಡು ಕೊಟ್ಟವರೂ ಆಡುವಂತಿಲ್ಲ. 2024ರ ಜನವರಿಯಲ್ಲಿ ಯೂಬಿಸಾಫ್ಟ್‌ನ ಚಂದಾ ವಿಭಾಗದ ಫಿಲಿಪ್ ಟ್ರೆಂಬ್ಲೆ, ಆಟಗಳು ತಮ್ಮವಲ್ಲ ಎಂಬುದಕ್ಕೆ ಆಟಗಾರರು ಒಗ್ಗಿಕೊಂಡಾಗ ಚಂದಾ ಪದ್ಧತಿ ಬೆಳೆಯುತ್ತದೆ ಎಂಬ ಅರ್ಥದ ಮಾತಾಡಿದ್ದರು. ಬೆಂಕಿಗೆ ತುಪ್ಪ ಸುರಿದಂತಾಯಿತು. ರಾಸ್ ಸ್ಕಾಟ್ ಎಂಬ ಅಮೆರಿಕನ್ ವಿಡಿಯೊ ತಯಾರಕ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಅದರ ಭಾಗವಾಗಿ ಯುರೋಪಿಯನ್ ಒಕ್ಕೂಟದ ಮುಂದಿಟ್ಟ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅವರ ಬೇಡಿಕೆ ಸರಳ. ಸರ್ವರನ್ನು ಸದಾಕಾಲ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ಮುಂಚೆ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ.

ಕಂಪನಿಗಳ ಮಾತನ್ನೂ ಕೇಳಬೇಕು. ಸರ್ವರಿಗೆ ಖರ್ಚಿದೆ. ಆಟದೊಳಗಿನ ಹಾಡಿಗೆ, ಕಾರಿನ ಹೆಸರಿಗೆ ಪಡೆದ ಅನುಮತಿ ಇಂತಿಷ್ಟು ವರ್ಷಕ್ಕೆಂದು ಇರುತ್ತದೆ. ಸಾವಿರಾರು ಜನ ಒಟ್ಟಿಗೆ ಆಡುವ ಆಟದಲ್ಲಿ ಮೋಸ ತಡೆಯಲು ನಿಗಾ ಬೇಕು. ಇದೆಲ್ಲ ಸರಿಯೇ. ಆದರೆ ಮನಸ್ಸಿದ್ದಲ್ಲಿ ದಾರಿ ಸಿಕ್ಕಿದೆ. ‘ನಾಕೌಟ್ ಸಿಟಿ’ 2023ರ ಜೂನ್‌ನಲ್ಲಿ ನಿಂತಾಗ ಅದನ್ನು ಮಾಡಿದವರು ಆಟಗಾರರೇ ಸ್ವಂತ ಸರ್ವರ್ ಇಟ್ಟುಕೊಂಡು ಆಡುವಂಥ ಆವೃತ್ತಿ ಬಿಟ್ಟುಕೊಟ್ಟರು. ‘ಗ್ರಾನ್ ಟೂರಿಸ್ಮೊ ಸ್ಪೋರ್ಟ್’ನ ಸರ್ವರ್ 2024ರ ಜನವರಿಯಲ್ಲಿ ನಿಲ್ಲುವ ಮೊದಲೇ ಅದರ ಬಹುಭಾಗವನ್ನು ಇಂಟರ್ನೆಟ್ ಇಲ್ಲದೆ ಆಡಲು ಬರುವಂತೆ ಸೋನಿ ಬದಲಿಸಿತು. ಇಷ್ಟು ಗದ್ದಲವಾದ ಮೇಲೆ ಯೂಬಿಸಾಫ್ಟ್ ಕೂಡ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಘೋಷಿಸಿತು. ಅಂದಮೇಲೆ ತಂತ್ರಜ್ಞಾನದಿಂದ ಆಗದು ಎಂಬ ಮಾತು ನಿಲ್ಲುವುದಿಲ್ಲ.

ಕಾನೂನು ಏನನ್ನುತ್ತದೆ? ಇಲ್ಲಿ ಕರ್ನಾಟಕದ ಒಂದು ಪ್ರಕರಣ ನೆನೆಯಬೇಕು. ಭಾರತದ ಕಂಪನಿಗಳು ವಿದೇಶದಿಂದ ಸಾಫ್ಟ್‌ವೇರ್ ತರಿಸಿಕೊಂಡಾಗ ಕೊಡುವ ಹಣ ಸರಕಿನ ಬೆಲೆಯೋ, ಹಕ್ಕುಸ್ವಾಮ್ಯಕ್ಕೆ ಕೊಡುವ ರಾಯಲ್ಟಿಯೋ ಎಂಬ ಪ್ರಶ್ನೆ ಎದ್ದಿತ್ತು. ರಾಯಲ್ಟಿಯಾದರೆ ಅದರ ಮೇಲೆ ಇಲ್ಲಿ ಆದಾಯ ತೆರಿಗೆ ಹಿಡಿಯಬೇಕು. 2011ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ತೆರಿಗೆ ಇಲಾಖೆಯ ಪರ ತೀರ್ಪು ಕೊಟ್ಟಿತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಮತ್ತಿತರರ ಮೇಲ್ಮನವಿಯಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟಿತು. ಒಪ್ಪಂದದಲ್ಲಿ ಲೈಸೆನ್ಸ್ ಎಂದು ಬರೆದ ಮಾತ್ರಕ್ಕೆ ಹಕ್ಕುಸ್ವಾಮ್ಯ ಕೈ ಬದಲಾಗುವುದಿಲ್ಲ, ಬಳಕೆದಾರನಿಗೆ ಸಿಕ್ಕಿರುವುದು ಸಾಫ್ಟ್‌ವೇರಿನ ಒಂದು ಪ್ರತಿ, ಅದು ಸರಕಿನ ಮಾರಾಟ ಎಂದಿತು. 2004ರಲ್ಲೇ ಟಾಟಾ ಕನ್ಸಲ್ಟೆನ್ಸಿಯ ಪ್ರಕರಣದಲ್ಲಿ, ಡಿಸ್ಕಿನಲ್ಲಿ ಮಾರುವ ಸಾಫ್ಟ್‌ವೇರ್ ಮಾರಾಟ ತೆರಿಗೆಗೆ ಒಳಪಡುವ ಸರಕು ಎಂದು ಅದೇ ನ್ಯಾಯಾಲಯ ಹೇಳಿತ್ತು. ಇವು ತೆರಿಗೆಯ ತೀರ್ಪುಗಳು. ಆಟ ಕೊಂಡವರಿಗೆ ಇವುಗಳಿಂದ ನೇರವಾಗಿ ಹಕ್ಕು ಹುಟ್ಟುವುದಿಲ್ಲ. ಆದರೂ ತೆರಿಗೆಯ ಲೆಕ್ಕದಲ್ಲಿ ಮಾರಾಟವಾದದ್ದು ಗ್ರಾಹಕನ ಪಾಲಿಗೆ ಬಂದಾಗ ಯಾಕೆ ಬರಿಯ ಅನುಮತಿಯಾಗಬೇಕು ಎಂದು ಆಟಗಾರರು ಕೇಳಿದರೆ ಅದು ತೂಕವುಳ್ಳ ಪ್ರಶ್ನೆ.

ಸೃಷ್ಟಿಸಿದವನ ಹಕ್ಕನ್ನು ಒಪ್ಪಿಕೊಂಡೇ ಕೊಂಡವನ ಹಕ್ಕನ್ನು ಕಾಯುವುದು ನಮ್ಮ ದೇಶಕ್ಕೆ ಹೊಸದಲ್ಲ. ನಂಜನಾಡಿನಲ್ಲಿ 1917ರಿಂದ ಆಲೂಗಡ್ಡೆ ಸಂಶೋಧನೆ ನಡೆದಿದೆ, ಹತ್ತಿರದ ಮುತ್ತೊರೆಯಲ್ಲಿ ಕೇಂದ್ರ ಸರ್ಕಾರದ ಆಲೂಗಡ್ಡೆ ಕೇಂದ್ರವಿದೆ. ಇಲ್ಲಿಯ ಬಡಗ ರೈತರಿಗೆ ಬಿತ್ತನೆ ಗಡ್ಡೆಯ ಬೆಲೆ ಏನೆಂದು ಹೇಳಿಕೊಡಬೇಕಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೊಸ ತಳಿ ರೂಪಿಸಿದವರಿಗೆ ಹಕ್ಕು ಕೊಡುತ್ತದೆ. ಅದೇ ಕಾಯ್ದೆಯ 39ನೇ ಕಲಮು ರೈತನಿಗೆ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನೂ ಕೊಡುತ್ತದೆ. 2019ರಲ್ಲಿ ಪೆಪ್ಸಿಕೋ ಕಂಪನಿ ಚಿಪ್ಸಿಗೆಂದು ನೋಂದಾಯಿಸಿದ್ದ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ಮೊಕದ್ದಮೆ ಹೂಡಿದಾಗ ರೈತ ಸಂಘಟನೆಗಳು ಎತ್ತಿ ತೋರಿಸಿದ್ದು ಇದೇ 39ನೇ ಕಲಮನ್ನು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. ಆಟ ಕೊಳ್ಳುವವರಿಗೆ ಎತ್ತಿ ತೋರಿಸಲು ಅಂಥದೊಂದು ಕಲಮು ಇಲ್ಲ. ನನ್ನ ಪ್ರಕಾರ ಇರುವ ಕೊರತೆ ಇದು.

ಎಲ್ಲ ಆಟಗಾರರೂ ಒಂದೇ ಮಾತು ಹೇಳುತ್ತಾರೆ ಎಂದುಕೊಳ್ಳಬಾರದು. ಆಡಿ ಮುಗಿಸಿದ ಆಟವನ್ನು ಇನ್ನೊಮ್ಮೆ ಮುಟ್ಟದವರು ಬಹಳ. ಅವರಿಗೆ ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡುವ ಗೇಮ್ ಪಾಸ್‌ನಂಥ ವ್ಯವಸ್ಥೆಯೇ ಲಾಭ. ಅದನ್ನು ಬಾಡಿಗೆ ಎಂದು ಹೇಳಿಯೇ ಕೊಡುತ್ತಾರೆ, ಅಲ್ಲಿ ವಂಚನೆ ಇಲ್ಲ. ಇನ್ನು ಕೆಲವರಿಗೆ ಕಪಾಟಿನಲ್ಲಿ ಸಾಲಾಗಿ ನಿಂತ ಡಿಸ್ಕುಗಳೇ ಆಸ್ತಿ. ಪೋಲೆಂಡಿನ ಜಿಒಜಿ ಎಂಬ ಅಂಗಡಿ ಬೀಗವಿಲ್ಲದ ಆಟಗಳನ್ನು ಮಾರುತ್ತದೆ, ಇನ್‌ಸ್ಟಾಲರನ್ನು ಪೆನ್ ಡ್ರೈವಿಗೆ ಹಾಕಿ ಇಟ್ಟುಕೊಂಡರೆ ಆ ಅಂಗಡಿ ಮುಚ್ಚಿದರೂ ಆಟ ಉಳಿಯುತ್ತದೆ. ಪಿಸಿ ಆಟಗಾರರಲ್ಲಿ ಅದಕ್ಕೇ ಒಂದು ನಿಷ್ಠಾವಂತ ಬಳಗವಿದೆ. ಕೊಂಡದ್ದು ತಮ್ಮದಲ್ಲವಾದರೆ ಕದ್ದದ್ದೂ ಕಳವಲ್ಲ ಎನ್ನುವವರೂ ಇದ್ದಾರೆ. ಅವರ ಕೋಪ ಅರ್ಥವಾಗುತ್ತದೆ, ವಾದವನ್ನು ಒಪ್ಪಲಾರೆ. ಅದರ ಪೆಟ್ಟು ಬೀಳುವುದು ದೊಡ್ಡ ಕಂಪನಿಗಿಂತ ಹೆಚ್ಚಾಗಿ, ನಾಲ್ಕಾರು ಜನ ಸೇರಿ ಆಟ ಮಾಡುವ ಸಣ್ಣ ತಂಡಗಳ ಮೇಲೆ.

ಕೊಂಡದ್ದು ತಮ್ಮದಲ್ಲ ಎಂಬ ಪಾಠವನ್ನು ನಮ್ಮ ದೇಶದ ಬಹುಪಾಲು ಹುಡುಗರು ಕಲಿತದ್ದು ಫೋನಿನಲ್ಲಿ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿ ಮೊಬೈಲನ್ನು ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ಹಣ ಕೊಟ್ಟು ಕೊಂಡ ವೇಷಭೂಷಣ, ಬಂದೂಕಿನ ಬಣ್ಣ ಎಲ್ಲ ಕೈತಪ್ಪಿದವು. ಮರುವರ್ಷ ಅದೇ ಆಟದ ಭಾರತೀಯ ಆವೃತ್ತಿಯಾದ ಬಿಜಿಎಂಐ ಬಂದಾಗ ಹಳೆಯದನ್ನು ವರ್ಗಾಯಿಸಿಕೊಳ್ಳಲು ಅವಕಾಶ ಸಿಕ್ಕಿತು. ಕಾರಣ ಬೇರೆಯಾದರೂ, ತಾವು ಕೊಂಡದ್ದು ತಮ್ಮ ಕೈಯಲ್ಲಿಲ್ಲ ಎಂಬುದು ಆಗ ಮನೆಮನೆಗೆ ತಿಳಿಯಿತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಬಂದಿದೆ. ಕಂಪನಿ ಮುಂದೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ವಸ್ತುವಿಗೆ ‘ಖರೀದಿಸಿ’ ಎಂಬ ಗುಂಡಿ ಇಡುವುದಾದರೆ, ಸಿಗುವುದು ಲೈಸೆನ್ಸ್ ಮಾತ್ರ ಎಂದು ಎದ್ದು ಕಾಣುವಂತೆ ಹೇಳಲೇಬೇಕು. ಸ್ಟೀಮ್ ಈಗ ಹಣ ಕಟ್ಟುವ ಪುಟದಲ್ಲಿ ಹಾಗೆ ಹೇಳುತ್ತಿದೆ. ನಮ್ಮಲ್ಲಿ ಇದಕ್ಕಿಂತ ಮುಂದೆ ಹೋಗಲು ಬೇಕಾದ ಬೇರು ಈಗಾಗಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಿಯಾದ ಕಾರಣವಿಲ್ಲದೆ ಒಬ್ಬರೇ ಒಪ್ಪಂದ ಮುರಿಯಲು ಬಿಡುವ ಷರತ್ತನ್ನು ಅನ್ಯಾಯದ ಒಪ್ಪಂದಗಳ ಸಾಲಿನಲ್ಲಿ ಹೆಸರಿಸಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂಗೆ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅನುಮತಿ ಕೊಡುತ್ತದೆ. ಇವೆರಡರ ಜೊತೆಗೆ, ಪೂರ್ತಿ ಬೆಲೆ ಪಡೆದ ಆಟವನ್ನು ನಿಲ್ಲಿಸುವಾಗ ಆಡುವ ಸ್ಥಿತಿಯಲ್ಲಿ ಬಿಡಬೇಕು ಅಥವಾ ಹಣ ಮರಳಿಸಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ ತರಬೇಕು.

ಅಲ್ಲಿಯವರೆಗೆ, ಆಟ ಕೊಳ್ಳುವ ಮುನ್ನ ಸದಾ ಇಂಟರ್ನೆಟ್ ಬೇಕೇ ಎಂದು ಅದರ ಪುಟದಲ್ಲಿ ನೋಡಿ. ಬೀಗವಿಲ್ಲದ ಪ್ರತಿ ಸಿಗುವಂತಿದ್ದರೆ ಅದನ್ನೇ ಕೊಂಡು, ಇನ್‌ಸ್ಟಾಲರನ್ನು ಬೇರೆ ಡಿಸ್ಕಿನಲ್ಲಿ ಉಳಿಸಿಡಿ. ಕನ್ಸೋಲ್ ಆರಿಸುವಾಗ ಡಿಸ್ಕ್ ಹಾಕಲು ಜಾಗವಿದೆಯೇ ಎಂದು ಕೇಳಿ. ಹಣ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಕೊಂಡ ಆಟವನ್ನು ಕಾರಣ ಹೇಳದೆ ಕಿತ್ತುಕೊಂಡರೆ ಸುಮ್ಮನಿರಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.