ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ?

ಘಟಪ್ರಭಾ ನದಿಯು ಸುಮಾರು ೧೭೦ ಅಡಿಗಳ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಹೆಸರನ್ನು ಕೇಳದ ವಾಚಕರು ವಿರಳ. ಆ ಜಲಪಾತಕ್ಕೆ ಸಮೀಪದಲ್ಲಿಯೇ ಕೊಣ್ಣೂರ ಎಂಬ ಊರಿದೆ. ಗೋಕಾಕ ಸೀಮೆಯ ಬಣ್ಣದ ಗೊಂಬೆಗಳೂ, ನೋಡಿದವರು ಕೈಚಾಚಿ ತಿನ್ನಹೊರಡುವಷ್ಟು ಸಹಜವಾಗಿ ಕಾಣುವ ಮಣ್ಣಿನ ಹಣ್ಣುಗಳೂ, ಅಂಟು, ಬೆಲ್ಲ, ಒಣಹಣ್ಣುಗಳಿಂದ ಮಾಡುವ ಕರದಂಟೂ ನಾಡಿಗೆಲ್ಲ ಪರಿಚಿತವಾದವು. ಕಳೆದ ಬೇಸಗೆಯಲ್ಲಿ ಕೊಣ್ಣೂರಿನವಳಾದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ಗೊಂಬೆಗಳಿಗೆ ಬಣ್ಣ ಹಾಕುವ ಮನೆತನದ ಹುಡುಗಿ. ಈಗ ಕರದಂಟಿನ ಪೆಟ್ಟಿಗೆಗಳಿಗೆ ಚೀಟಿ, ಮದುವೆಯ ಲಗ್ನಪತ್ರಿಕೆ, ಅಂಗಡಿಗಳಿಗೆ ಫ್ಲೆಕ್ಸ್ ಫಲಕ ಮುಂತಾದವುಗಳನ್ನು ರಚಿಸಿಕೊಡುವ ಸಣ್ಣ ಉದ್ಯೋಗವನ್ನು ಮನೆಯಲ್ಲಿಯೇ ನಡೆಸುತ್ತಿದ್ದಾಳೆ.

“ಸರ್, ಟ್ಯಾಬ್ ತಗೊಳ್ಳಲೇನ್ರೀ, ಲ್ಯಾಪ್‌ಟಾಪ್ ತಗೊಳ್ಳಲೇನ್ರೀ?” ಎಂಬುದೇ ಅವಳ ಪ್ರಶ್ನೆ. ಕೈಯಲ್ಲಿದ್ದುದು ೪೫,೦೦೦ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮಹಿಳಾ ಸ್ವಸಹಾಯ ಸಂಘದ ಸಾಲ. ಎರಡನ್ನೂ ಕೊಳ್ಳುವಂತಿಲ್ಲ, ಒಂದನ್ನು ಕೊಂಡು ತಪ್ಪಾಯಿತೆಂದರೆ ಮರಳಿಸುವಂತಿಲ್ಲ. ಅಂಗಡಿಯವರು ಟ್ಯಾಬ್ಲೆಟ್ಟನ್ನು ಹೊಗಳಿದ್ದರು. ಅವಳ ಅಣ್ಣ ಲ್ಯಾಪ್‌ಟಾಪನ್ನು ಹೊಗಳಿದ್ದ. ಇಬ್ಬರೂ ಕಾರಣ ಹೇಳಿರಲಿಲ್ಲ. ಕಾರಣಗಳನ್ನು ಹುಡುಕಹೊರಟಾಗ ನಾವು ತರಗತಿಯಲ್ಲಿ ಕಲಿಸುವ ಭೌತವಿಜ್ಞಾನವೇ ಹೆಜ್ಜೆಹೆಜ್ಜೆಗೂ ಎದುರಾದುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಬರೆಯುವ ಗಾಜನ್ನೇ ನೋಡೋಣ. ಟ್ಯಾಬ್ಲೆಟ್ಟಿನ ಗಾಜಿನ ಅಡಿಯಲ್ಲಿ ಪಾರದರ್ಶಕವಾದ ವಾಹಕದ ಸಣ್ಣ ಪಟ್ಟಿಗಳು ಅಡ್ಡಲಾಗಿಯೂ ಉದ್ದಲಾಗಿಯೂ ಹಾಯ್ದಿರುತ್ತವೆ. ಇಂಡಿಯಮ್ ಮತ್ತು ತವರದ ಆಕ್ಸೈಡು ಇದಕ್ಕೆ ಸಾಮಾನ್ಯವಾಗಿ ಬಳಸುವ ವಸ್ತು. ಎರಡು ಪಟ್ಟಿಗಳು ಹಾಯ್ದುಹೋಗುವ ಪ್ರತಿಯೊಂದು ಎಡೆಯೂ ಒಂದು ಪುಟ್ಟ ವಿದ್ಯುದ್ಧಾರಕ. ನಮ್ಮ ದೇಹವೂ ವಾಹಕವಾದುದರಿಂದ ಬೆರಳು ಹತ್ತಿರ ಬಂದಾಗ ಆ ಎಡೆಯ ಧಾರಣಶಕ್ತಿ ಬದಲಾಗುತ್ತದೆ. ಯಾವ ಯಾವ ಎಡೆಗಳಲ್ಲಿ ಎಷ್ಟೆಷ್ಟು ಬದಲಾಯಿತೆಂಬುದನ್ನು ಅಳೆದು, ಅವುಗಳ ನಡುಬಿಂದುವನ್ನು ಲೆಕ್ಕಹಾಕಿ, ‘ಇಲ್ಲಿ ಮುಟ್ಟಿದರು’ ಎಂದು ಯಂತ್ರವು ತೀರ್ಮಾನಿಸುತ್ತದೆ. ಗುಂಡಿ ಒತ್ತುವುದಕ್ಕೆ ಇದು ಧಾರಾಳವಾಗಿ ಸಾಕು. ಗಿಳಿಯ ಕಣ್ಣಿನ ರೆಪ್ಪೆಯನ್ನು ಎಳೆಯುವುದಕ್ಕೆ ಸಾಲದು. ಏಕೆಂದರೆ ಬೆರಳಿನ ತುದಿಯೇ ಹೆಚ್ಚುಕಡಮೆ ಒಂದು ಸೆಂಟಿಮೀಟರು ಅಗಲ. ಪೇಟೆಯಲ್ಲಿ ನೂರಿನ್ನೂರು ರೂಪಾಯಿಗೆ ದೊರೆಯುವ ರಬ್ಬರ್ ಮೂತಿಯ ಕಡ್ಡಿಗಳು ಈ ಬೆರಳನ್ನು ಅನುಕರಿಸುತ್ತವೆಯೇ ಹೊರತು ಲೇಖನಿಯಾಗಲಾರವು. ಎಷ್ಟು ಜೋರಾಗಿ ಒತ್ತಿದರೂ ಗೆರೆ ದಪ್ಪವಾಗದು.

ನಿಜವಾದ ಲೇಖನಿಯ ಬಗೆ ಬೇರೆ. ಒಂದು ಜಾತಿಯ ಲೇಖನಿಯೊಳಗೆ ಬ್ಯಾಟರಿಯೇ ಇಲ್ಲ. ಒಂದು ತಂತಿಯ ಸುರುಳಿಯೂ ಒಂದು ಧಾರಕವೂ ಇರುತ್ತವೆ. ಹಲಗೆಯಲ್ಲಿ ಅಡಗಿದ ತಂತಿಜಾಲವು ಅತಿಶೀಘ್ರವಾಗಿ ಕಂಪಿಸುವ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಲೇಖನಿಯ ಸುರುಳಿಯು ಆ ಕ್ಷೇತ್ರದಿಂದ ಶಕ್ತಿಯನ್ನು ಹೀರಿ ಅನುನಾದಗೊಳ್ಳುತ್ತದೆ. ಮರುಕ್ಷಣದಲ್ಲಿ ಹಲಗೆಯು ತಾನು ಸುಮ್ಮನಾಗಿ, ಲೇಖನಿಯು ಹಿಂದಿರುಗಿಸುವ ದನಿಯನ್ನು ಆಲಿಸುತ್ತದೆ. ದನಿ ಯಾವ ತಂತಿಗಳಲ್ಲಿ ಪ್ರಬಲವೋ ಅಲ್ಲಿಯೇ ಲೇಖನಿಯ ತುದಿ. ಬೆಟ್ಟದ ಮುಂದೆ ನಿಂತು ಕೂಗಿ ಮಾರ್ದನಿಗಾಗಿ ಕಿವಿಗೊಡುವಂತೆ ಎಂದು ಬೇಕಾದರೆ ಎಣಿಸಿಕೊಳ್ಳಬಹುದು. ಮೊನೆಯನ್ನು ಒತ್ತಿದಾಗ ಒಳಗಿನ ಧಾರಣಶಕ್ತಿಯೋ ಪ್ರೇರಕತ್ವವೋ ಕೊಂಚ ಬದಲಾಗುತ್ತದೆ. ಅದರೊಡನೆ ಅನುನಾದದ ಆವೃತ್ತಿಯೂ ಜಾರುತ್ತದೆ. ರೇಡಿಯೋದ ತಿರುಪನ್ನು ತಿರುಗಿಸಿ ನಿಲಯವನ್ನು ಹಿಡಿಯುತ್ತಿದ್ದ ತತ್ತ್ವವೇ ಇಲ್ಲಿ ಕುಂಚದ ಒತ್ತಡವನ್ನು ತಿಳಿಸುತ್ತಿದೆ! ಇನ್ನೊಂದು ಜಾತಿಯ ಲೇಖನಿಯಲ್ಲಿ ಬ್ಯಾಟರಿಯಿದ್ದು ಅದು ತಾನೇ ಸಂಕೇತಗಳನ್ನು ಕಳುಹಿಸುತ್ತದೆ. ಜಾಹೀರಾತುಗಳಲ್ಲಿ ಕಾಣುವ ‘೮,೧೯೨ ಒತ್ತಡದ ಮಟ್ಟಗಳು’ ಎಂಬ ಮಾತಿಗೆ ಬೆರಗಾಗಬೇಕಾಗಿಲ್ಲ. ೨ನ್ನು ೧೩ ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಮನುಷ್ಯನ ಕೈ ಅಷ್ಟೊಂದು ಸೂಕ್ಷ್ಮಗಳನ್ನು ಬೇರ್ಪಡಿಸಲಾರದು. ಅದಕ್ಕಾಗಿ ಹೆಚ್ಚು ಹಣ ಕೊಡುವುದು ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಒತ್ತಡಕ್ಕಿಂತ ಮುಖ್ಯವಾದುದು ವಿಳಂಬ. ಕೈಯು ಸೆಕೆಂಡಿಗೆ ೨೦ ಸೆಂಟಿಮೀಟರಿನಂತೆ ಚಲಿಸುತ್ತಿದೆಯೆನ್ನೋಣ. ಗೆರೆಯು ಪರದೆಯಲ್ಲಿ ಮೂಡಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ತಡವಾದರೆ, ಲೇಖನಿಯ ಹಿಂದೆ ಅದು ಪೂರ್ತಿ ಒಂದು ಸೆಂಟಿಮೀಟರು ಉಳಿದುಬಿಡುತ್ತದೆ. ಒಳ್ಳೆಯ ಟ್ಯಾಬ್ಲೆಟ್ಟಿನಲ್ಲಿ ಈ ಅಂತರ ಕಣ್ಣಿಗೆ ಬೀಳದಷ್ಟು ಕಡಮೆ. ಗೆರೆಯು ಲೇಖನಿಯ ಮೊನೆಯಲ್ಲಿಯೇ ಹುಟ್ಟಿದಂತೆ ತೋರುತ್ತದೆ. ಚಿತ್ರಗಾರನಿಗೆ ಇದೊಂದು ದೊಡ್ಡ ಸುಖವೆಂಬುದನ್ನು ಒಪ್ಪಲೇಬೇಕು.

ಹಾಗಾದರೆ ಟ್ಯಾಬ್ಲೆಟ್ಟನ್ನೇ ಕೊಂಡರಾಯಿತಲ್ಲ ಎಂದು ವಾಚಕರು ಹೇಳಬಹುದು. ಅದಕ್ಕೆ ಮೊದಲು ಸ್ವಲ್ಪ ಗಣಿತ ಮಾಡೋಣ. ಎ-೪ ಹಾಳೆಯೊಂದನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಮುದ್ರಿಸಬೇಕಾದರೆ ೨,೪೮೦ ಅಡ್ಡ, ೩,೫೦೮ ಉದ್ದ, ಒಟ್ಟು ಸುಮಾರು ೮೭ ಲಕ್ಷ ಚುಕ್ಕೆಗಳು ಬೇಕು. ಒಂದೊಂದು ಚುಕ್ಕೆಗೆ ೪ ಬೈಟುಗಳೆಂದರೆ ಒಂದು ಪದರಕ್ಕೆ ಸುಮಾರು ೩೫ ಮೆಗಾಬೈಟು. ಹಿನ್ನೆಲೆಗೊಂದು ಪದರ, ಗೊಂಬೆಗೊಂದು, ನೆರಳಿಗೊಂದು, ಅಕ್ಷರಕ್ಕೊಂದು ಎಂದು ಹತ್ತು ಪದರಗಳಾದರೆ ೩೫೦ ಮೆಗಾಬೈಟು. ಇದು ದೊಡ್ಡದೇನಲ್ಲ. ಆದರೆ ೧೦ ಅಡಿ ಉದ್ದ, ೬ ಅಡಿ ಎತ್ತರದ ಫ್ಲೆಕ್ಸ್ ಫಲಕವನ್ನು ಅಂಗುಲಕ್ಕೆ ಕೇವಲ ೭೨ ಚುಕ್ಕೆಗಳಂತೆ ಬರೆದರೂ ೮,೬೪೦ನ್ನು ೫,೧೮೪ರಿಂದ ಗುಣಿಸಬೇಕು. ಸುಮಾರು ೪ ಕೋಟಿ ೪೮ ಲಕ್ಷ ಚುಕ್ಕೆಗಳಾದವು. ಪದರವೊಂದಕ್ಕೆ ಸುಮಾರು ೧೮೦ ಮೆಗಾಬೈಟು. ಹತ್ತು ಪದರಗಳಿಗೆ ೧.೮ ಗಿಗಾಬೈಟು. ಅಗ್ಗದ ಟ್ಯಾಬ್ಲೆಟ್ಟಿನ ಸ್ಮೃತಿ ಒಟ್ಟಾರೆ ೪ ಗಿಗಾಬೈಟು ಇದ್ದರೆ ಅದರಲ್ಲಿ ಬಹುಪಾಲು ಯಂತ್ರದ ಸ್ವಂತ ಸಂಸಾರಕ್ಕೇ ಖರ್ಚಾಗುತ್ತದೆ. ಆದುದರಿಂದಲೇ ಟ್ಯಾಬ್ಲೆಟ್ಟಿನ ಕೆಲವು ಚಿತ್ರ ತಂತ್ರಾಂಶಗಳು ಹಾಳೆ ದೊಡ್ಡದಾದಷ್ಟೂ ಪದರಗಳ ಸಂಖ್ಯೆಯನ್ನು ಕಡಮೆ ಮಾಡುತ್ತವೆ. ಅನೇಕ ಲ್ಯಾಪ್‌ಟಾಪುಗಳಲ್ಲಾದರೋ ಹಿಂಬದಿಯ ತಿರುಪು ಬಿಚ್ಚಿ ಇನ್ನೊಂದು ಸ್ಮೃತಿಪಟ್ಟಿಯನ್ನು ಸೇರಿಸಬಹುದು. ಎಲ್ಲವುಗಳಲ್ಲಿಯೂ ಅಲ್ಲ, ಕೊಳ್ಳುವ ಮೊದಲು ಕೇಳಿ ತಿಳಿಯಬೇಕು.

ಎರಡನೆಯದು ಉಷ್ಣ. ಟ್ಯಾಬ್ಲೆಟ್ಟಿಗೆ ಸಾಮಾನ್ಯವಾಗಿ ಪಂಖವಿಲ್ಲ. ೨೫ ಸೆಂಟಿಮೀಟರು ಉದ್ದ, ೧೮ ಸೆಂಟಿಮೀಟರು ಅಗಲದ ಹಲಗೆಯ ಎರಡು ಮೈಗಳೂ ಸೇರಿ ೦.೦೯ ಚದರ ಮೀಟರು. ನಿಶ್ಚಲವಾದ ಗಾಳಿಯಲ್ಲಿ ಮೈಯೊಂದು ಪ್ರತಿ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು ೧೦ ವಾಟ್ ಶಾಖವನ್ನು ಬಿಟ್ಟುಕೊಡುತ್ತದೆ. ಹಲಗೆಯು ಗಾಳಿಗಿಂತ ೧೦ ಡಿಗ್ರಿ ಬಿಸಿಯಾಗಿದ್ದರೆ ಹೊರಹೋಗುವುದು ೯ ವಾಟ್ ಮಾತ್ರ. ಮೇಜಿನ ಮೇಲೆ ಮಲಗಿಸಿದರೆ ಇನ್ನೂ ಕಡಮೆ. ಏಪ್ರಿಲ್ ತಿಂಗಳಿನಲ್ಲಿ ಕೊಣ್ಣೂರಿನ ತಗಡಿನ ಮಾಡಿನ ಕೋಣೆಯಲ್ಲಿ ಗಾಳಿಯೇ ೩೮ ಡಿಗ್ರಿ ಇದ್ದರೆ ಹಲಗೆಯು ೪೮ ಡಿಗ್ರಿಗೆ ಏರಬೇಕಾಗುತ್ತದೆ. ಅದು ಕೈಗೂ ಹಿತವಲ್ಲ, ಲಿಥಿಯಂ ಬ್ಯಾಟರಿಗಂತೂ ಶತ್ರು. ಆಗ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನಾಗಿ ತಗ್ಗಿಸುತ್ತದೆ. ಲ್ಯಾಪ್‌ಟಾಪಿನ ಪಂಖವು ಗಾಳಿಯನ್ನು ನೂಕಿ ಇದರ ಹಲವು ಪಟ್ಟು ಶಾಖವನ್ನು ಹೊರಹಾಕಬಲ್ಲದು. ಸದ್ದು ಮಾಡುತ್ತದೆ, ಧೂಳನ್ನು ನುಂಗುತ್ತದೆ, ವಿದ್ಯುತ್ತನ್ನೂ ಹೆಚ್ಚು ಕುಡಿಯುತ್ತದೆ; ಕರೆಂಟು ಹೋದ ಮಧ್ಯಾಹ್ನ ಮೊದಲು ಸುಸ್ತಾಗುವುದೂ ಸಾಮಾನ್ಯವಾಗಿ ಅದೇ.

ಇಷ್ಟಾದರೂ ತಕ್ಕಡಿಯನ್ನು ಕೊನೆಗೆ ವಾಲಿಸಿದುದು ಶಾಖವೂ ಅಲ್ಲ, ಸ್ಮೃತಿಯೂ ಅಲ್ಲ; ನಮ್ಮ ಕನ್ನಡದ ಅಕ್ಷರ.

ಅವಳು ಹಿಂದೊಮ್ಮೆ ಬಂಧುಗಳ ಟ್ಯಾಬ್ಲೆಟ್ಟಿನಲ್ಲಿ ಲಗ್ನಪತ್ರಿಕೆಯೊಂದನ್ನು ರಚಿಸಿ, ಅದರ ಕಡತವನ್ನು ಮುದ್ರಣಾಲಯವೊಂದಕ್ಕೆ ಕಳುಹಿಸಿದ್ದಳು. ೫೦೦ ಪ್ರತಿಗಳು ಅಚ್ಚಾಗಿ ಬಂದಾಗ ಒತ್ತಕ್ಷರಗಳೆಲ್ಲ ಕಳಚಿಬಿದ್ದಿದ್ದುವು. ‘ಲಗ್ನ’ದ ನಕಾರವು ಗಕಾರದ ಅಡಿಯಿಂದ ಹೊರಬಂದು ಪಕ್ಕದಲ್ಲಿ ನಿಂತಿತ್ತು, ವರನ ಹೆಸರೂ ಹಾಗೆಯೇ ಒಡೆದಿತ್ತು. ಮದುವೆಯ ಮನೆಯವರು ಹಣ ಕೊಡಲಿಲ್ಲ. ಮರುಮುದ್ರಣದ ಖರ್ಚನ್ನು ಅವಳೇ ತೆತ್ತಳು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗಣಕಗಳಲ್ಲಿ ಕನ್ನಡ ನೆಲೆಸಿದ ಬಗೆಯನ್ನು ನೆನೆಯಬೇಕು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಾವಳಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಮನೆಗಳಿಲ್ಲ. ‘ಗ್ನ’ ಎಂಬುದು ಗ, ಹಲಂತದ ಗುರುತು, ನ ಎಂಬ ಮೂರು ಸಂಕೇತಗಳಾಗಿ ಶೇಖರವಾಗುತ್ತದೆ. ಇವನ್ನು ಕೂಡಿಸಿ ಒತ್ತಾಗಿ ಬರೆಯುವ ಹೊಣೆ ತೆರೆಯ ಮೇಲೆ ತೋರಿಸುವ ತಂತ್ರಾಂಶದ್ದು. ಆ ವಿದ್ಯೆ ತಿಳಿಯದ ತಂತ್ರಾಂಶವು ಬಿಡಿಬಿಡಿಯಾಗಿಯೇ ಬರೆಯುತ್ತದೆ. ನಮ್ಮ ಪುಸ್ತಕ-ಪತ್ರಿಕೆಗಳ ಮುದ್ರಣವಾದರೋ ಬಹುಕಾಲ ಇನ್ನೊಂದು ದಾರಿಯನ್ನು ಹಿಡಿದಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂತಹ ತಂತ್ರಾಂಶಗಳಲ್ಲಿ ಹಳೆಯ ಮಾದರಿಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದುವು. ಆ ಅಚ್ಚುಮೊಳೆಗಳು ಗಣಕದಲ್ಲಿ ಇದ್ದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಅನೇಕ ಮುದ್ರಣಾಲಯಗಳಲ್ಲಿ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ, ಮತ್ತು ಅದರ ಪುಟವಿನ್ಯಾಸದ ತಂತ್ರಾಂಶಗಳು ಹೆಚ್ಚಾಗಿ ವಿಂಡೋಸ್ ಗಣಕಕ್ಕಾಗಿ ಮಾಡಿದವು. ಅವಳು ಟ್ಯಾಬ್ಲೆಟ್ಟಿನಲ್ಲಿ ನೋಡಿದ ಅಕ್ಷರಗಳು ಸರಿಯಾಗಿಯೇ ಇದ್ದುವು. ಮುದ್ರಣಾಲಯದ ಹಳೆಯ ತಂತ್ರಾಂಶವು ಅವನ್ನು ಕೂಡಿಸಲರಿಯದೆ ಹೋಯಿತು. ಅಕ್ಷರಗಳನ್ನು ಬರಿಯ ರೇಖಾಚಿತ್ರಗಳನ್ನಾಗಿ ಪರಿವರ್ತಿಸಿ, ಪಿಡಿಎಫ್ ರೂಪದಲ್ಲಿ ಕಳುಹಿಸಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಆದರೆ ಕೊನೆಯ ಗಳಿಗೆಯಲ್ಲಿ ‘ಮುಹೂರ್ತ ಹತ್ತು ನಿಮಿಷ ಮುಂದಕ್ಕೆ ಹಾಕಿ’ ಎಂದು ಯಾರಾದರೂ ಹೇಳಿದರೆ, ರೇಖಾಚಿತ್ರವಾದ ಅಕ್ಷರವನ್ನು ತಿದ್ದುವುದು ಹೇಗೆ? ಲಗ್ನಪತ್ರಿಕೆಯ ಕೆಲಸ ಮಾಡಿದವರಿಗೆ ಈ ಕಷ್ಟ ಗೊತ್ತು.

ಬಣ್ಣದ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಪರದೆಯು ಕೆಂಪು, ಹಸುರು, ನೀಲಿ ಬೆಳಕುಗಳನ್ನು ಕೂಡಿಸುತ್ತದೆ. ಮಸಿಯು ಬೆಳಕನ್ನು ಕಳೆಯುತ್ತದೆ. ಪರದೆಯಲ್ಲಿ ಜಗಜಗಿಸುವ ಹಸುರು ಕಾಗದದಲ್ಲಿ ಮಂಕಾಗುವುದು ಎರಡು ಯಂತ್ರಗಳಿಗೂ ಸಮಾನವಾದ ದೋಷ.

ಹಾಗಾದರೆ ಟ್ಯಾಬ್ಲೆಟ್ಟಿನ ಲೇಖನಿಯ ಸುಖವನ್ನು ಬಿಟ್ಟುಬಿಡಬೇಕೇ? ಇಲ್ಲಿ ಅಂಗಡಿಯವರು ಹೇಳದ ಮೂರನೆಯ ದಾರಿಯೊಂದಿದೆ. ಪರದೆಯಿಲ್ಲದ, ಬರಿಯ ಕಪ್ಪು ಪಾಟಿಯಂತಹ ಪೆನ್ ಟ್ಯಾಬ್ಲೆಟ್ಟು ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ನಾವು ಮೇಲೆ ವರ್ಣಿಸಿದ ಅನುನಾದದ ಲೇಖನಿಯೇ ಅದರಲ್ಲಿಯೂ ಉಂಟು. ಅದನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಕೈಯನ್ನು ಪಾಟಿಯ ಮೇಲಿರಿಸಿ, ಕಣ್ಣನ್ನು ಪರದೆಯಲ್ಲಿ ನೆಟ್ಟು ಬರೆಯಬೇಕು. ಮೊದಮೊದಲು ಇದು ಕನ್ನಡಿ ನೋಡಿಕೊಂಡು ಹಣೆಗೆ ಕುಂಕುಮವಿಡುವುದಕ್ಕಿಂತಲೂ ಕಷ್ಟ. ಜಾತ್ರೆಯಲ್ಲಿ ಕುಳಿತು ಎದುರಿನವರ ಮುಖವನ್ನು ಬರೆದುಕೊಡುವ ಕಲಾವಿದನಿಗಾಗಲಿ, ಅಕ್ಷರದ ಗೊಡವೆಯಿಲ್ಲದೆ ಚಿತ್ರಗಳನ್ನಷ್ಟೇ ರಚಿಸುವವರಿಗಾಗಲಿ ನಾವು ಇದನ್ನು ಹೇಳುವುದಿಲ್ಲ. ಅವರು ಟ್ಯಾಬ್ಲೆಟ್ಟನ್ನೇ ಕೊಳ್ಳಲಿ.

ನಮ್ಮ ವಿದ್ಯಾರ್ಥಿನಿ ಕಚೇರಿಯೊಂದರಲ್ಲಿ ಬಳಸಿ ಮಾರಿದ ಲ್ಯಾಪ್‌ಟಾಪನ್ನು ಕೊಂಡಳು. ಅದರ ಸ್ಮೃತಿಯನ್ನು ೧೬ ಗಿಗಾಬೈಟಿಗೆ ಏರಿಸಿದಳು, ಜೊತೆಗೊಂದು ಪಾಟಿ. ಉಳಿದ ೯,೦೦೦ ರೂಪಾಯಿಯನ್ನು ಸಂಘದ ಕಂತಿಗೆ ಕಟ್ಟಿದಳು. ಮೊದಲನೆಯ ವಾರ ಗಿಳಿಯ ಕೊಕ್ಕು ಅದರ ಮುಖವನ್ನು ಬಿಟ್ಟು ಅರ್ಧ ಅಂಗುಲ ಆಚೆಗೆ ಮೂಡುತ್ತಿತ್ತಂತೆ. ದೀಪಾವಳಿಯ ಹೊತ್ತಿಗೆ ಕರದಂಟಿನ ಪೆಟ್ಟಿಗೆಯೊಂದನ್ನು ನಮಗೆ ಕಳುಹಿಸಿದ್ದಳು. ಮುಚ್ಚಳದ ಮೇಲೆ ಗಿಳಿಯಿತ್ತು. ನಾವು ಅದನ್ನು ನೋಡುವುದಕ್ಕೂ ಮೊದಲು, ಕನ್ನಡಕ ಹಾಕಿಕೊಂಡು, ಚೀಟಿಯ ಒತ್ತಕ್ಷರಗಳನ್ನು ಒಂದೊಂದಾಗಿ ಎಣಿಸಿದೆವು. ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದುವು.